ಒಬ್ಬ ಬ್ರೋಕರ್ ಮೂಲಕ ಕೊಂಡ ಷೇರುಗಳನ್ನು ಇನ್ನೊಬ್ಬ ಬ್ರೋಕರ್ ಮೂಲಕ ಮಾರಲು ಸಾಧ್ಯವೇ?

ತುಂಗಾತೀರದ ಶಿಕ್ಷಕಿ:

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದಲ್ಲಿರುವ ನಿವೃತ್ತ ಪ್ರೌಢಶಾಲಾ ಶಿಕ್ಷಕಿ. 2010ರಲ್ಲಿ ಇಲ್ಲಿಯೇ ಶಾಖೆ ಹೊಂದಿದ್ದ ಒಂದು ಬ್ರೋಕರ್ ಸಂಸ್ಥೆಯಲ್ಲಿ ಷೇರುಗಳನ್ನು ಇಡುವ ಡಿಮ್ಯಾಟ್ ಮತ್ತು ಕೊಂಡು ಮಾರುವ ಟ್ರೇಡಿಂಗ್ ಖಾತೆಗಳನ್ನು ತೆರೆದಿದ್ದೆ. ಅದೇ ವರ್ಷ ಕೋಲ್ ಇಂಡಿಯಾದ ಸಾರ್ವಜನಿಕ ಕೊಡುಗೆಯಲ್ಲಿ (ಐಪಿಒ) ಅರ್ಜಿ ಹಾಕಿ ಕೆಲವು ಷೇರುಗಳನ್ನು ಪಡೆದೆ. ಮರುವರ್ಷ ಇನ್ಫೋಸಿಸ್‌ನ 20 ಷೇರುಗಳನ್ನು ಕೊಂಡೆ. ಕಂಪನಿ ಉಚಿತವಾಗಿ ಕೊಟ್ಟ ಬೋನಸ್ ಷೇರುಗಳು ಸೇರಿ ಅವು ಈಗ 160 ಆಗಿವೆ. ಆಮೇಲೆ ಒಂದೆರಡು ಬ್ಯಾಂಕ್ ಷೇರುಗಳನ್ನು ಸೇರಿಸಿದ್ದು ಬಿಟ್ಟರೆ ಖಾತೆಯಲ್ಲಿ ಯಾವ ವಹಿವಾಟೂ ನಡೆದಿಲ್ಲ.

ಈಗ ಮನೆಯ ದುರಸ್ತಿಗಾಗಿ ಸುಮಾರು ನಾಲ್ಕು ಲಕ್ಷ ರೂಪಾಯಿ ಬೆಲೆಯ ಷೇರುಗಳನ್ನು ಮಾರಬೇಕಾಗಿದೆ. ಆ ಸಂಸ್ಥೆಯ ಇಲ್ಲಿನ ಶಾಖೆ ಮುಚ್ಚಿದೆ. ಏನೇ ಕೆಲಸವಿದ್ದರೂ ದಾವಣಗೆರೆಗೆ ಹೋಗಬೇಕು ಅಥವಾ ಫೋನಿನಲ್ಲಿ ವಿಚಾರಿಸಬೇಕು. ಅವರು ಮಾರಾಟದ ಮೊತ್ತದ ಮೇಲೆ ನೂರಕ್ಕೆ ಐವತ್ತು ಪೈಸೆ ದಲ್ಲಾಳಿ ಶುಲ್ಕ ಹಾಕುತ್ತಾರೆ. ಮೈಸೂರಿನಲ್ಲಿರುವ ಮಗಳು ಕಳೆದ ವರ್ಷ ನನ್ನ ಹೆಸರಿನಲ್ಲಿಯೇ ಕಡಿಮೆ ಶುಲ್ಕದ ಇನ್ನೊಂದು ಬ್ರೋಕರ್ ಸಂಸ್ಥೆಯಲ್ಲಿ ಮೊಬೈಲ್ ಮೂಲಕ ಖಾತೆ ತೆರೆದುಕೊಟ್ಟಿದ್ದಾಳೆ. ಹಳೆಯ ಬ್ರೋಕರ್ ಮೂಲಕ ಕೊಂಡ ಷೇರುಗಳನ್ನು ಈ ಹೊಸ ಬ್ರೋಕರ್ ಮೂಲಕ ಮಾರಬಹುದೇ? ಕೊಂಡವರ ಬಳಿಯೇ ಮಾರಬೇಕೆಂಬ ನಿಯಮವೇನಾದರೂ ಇದೆಯೇ? ಹೊಸ ಆ್ಯಪ್‌ನಲ್ಲಿ ಈ ಷೇರುಗಳು ಕಾಣಿಸುವುದೇ ಇಲ್ಲವಾದ್ದರಿಂದ ಗೊಂದಲವಾಗಿದೆ. ತಿಳಿದವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಷೇರುಪೇಟೆಯ ವಿದ್ಯಾರ್ಥಿ:

ನಮಸ್ಕಾರ ಮೇಡಂ. ಕೊಂಡವರ ಬಳಿಯೇ ಮಾರಬೇಕೆಂಬ ನಿಯಮ ಇಲ್ಲ. ನಿಮ್ಮ ಷೇರುಗಳು ಬ್ರೋಕರ್ ಬಳಿ ಇಲ್ಲ ಎಂಬುದು ಇಲ್ಲಿ ಮುಖ್ಯವಾದ ಸಂಗತಿ. 1996ರ ಡೆಪಾಸಿಟರಿ ಕಾಯ್ದೆಯ ಅಡಿಯಲ್ಲಿ ಸ್ಥಾಪನೆಯಾದ ಎನ್‌ಎಸ್‌ಡಿಎಲ್, ಆನಂತರ 1999ರಲ್ಲಿ ಆರಂಭವಾದ ಸಿಡಿಎಸ್‌ಎಲ್ ಎಂಬ ಎರಡು ಡೆಪಾಸಿಟರಿಗಳಲ್ಲಿ (ಷೇರುಗಳನ್ನು ಕಾಗದದ ಬದಲು ಗಣಕದ ದಾಖಲೆಯಾಗಿ ಇಡುವ ಸಂಸ್ಥೆಗಳಲ್ಲಿ) ಒಂದರಲ್ಲಿ ಅವು ನಿಮ್ಮ ಹೆಸರಿನಲ್ಲಿ ದಾಖಲಾಗಿವೆ. ಬ್ರೋಕರ್ ಸಂಸ್ಥೆ ಎರಡು ಪಾತ್ರಗಳನ್ನು ವಹಿಸುತ್ತದೆ: ಷೇರು ವಿನಿಮಯ ಕೇಂದ್ರದಲ್ಲಿ ನಿಮ್ಮ ಪರವಾಗಿ ಕೊಳ್ಳುವ, ಮಾರುವ ಸದಸ್ಯನ ಪಾತ್ರ ಒಂದು, ಡೆಪಾಸಿಟರಿಯಲ್ಲಿರುವ ನಿಮ್ಮ ಖಾತೆಯನ್ನು ನೋಡಿಕೊಳ್ಳುವ ಡೆಪಾಸಿಟರಿ ಪಾರ್ಟಿಸಿಪೆಂಟ್, ಅಂದರೆ ಡಿಪಿಯ ಪಾತ್ರ ಇನ್ನೊಂದು. ನಿಮ್ಮ ಊರಿನ ಅಡಿಕೆಯ ವ್ಯವಹಾರದಂತೆಯೇ, ಮಾಲು ನಿಮ್ಮ ಹೆಸರಿನಲ್ಲಿ ಗೋದಾಮಿನಲ್ಲಿದ್ದರೆ ಅದನ್ನು ಯಾವ ಮಂಡಿಯ ಮೂಲಕ ಮಾರಬೇಕೆಂಬುದು ನಿಮ್ಮ ಇಚ್ಛೆಗೆ ಬಿಟ್ಟದ್ದು. ನಿಮ್ಮ ಕೋಲ್ ಇಂಡಿಯಾ ಷೇರುಗಳನ್ನಂತೂ ಯಾವ ಬ್ರೋಕರ್ ಕೂಡ ಪೇಟೆಯಲ್ಲಿ ಕೊಂಡುಕೊಟ್ಟಿಲ್ಲ. ಸಾರ್ವಜನಿಕ ಕೊಡುಗೆಯ ಹಂಚಿಕೆಯಿಂದ ನೇರವಾಗಿ ನಿಮ್ಮ ಡಿಮ್ಯಾಟ್ ಖಾತೆಗೆ ಬಂದಂಥವು ಅವು.

ಆದರೆ ಹೊಸ ಆ್ಯಪ್ ತೋರಿಸುವುದು ತನ್ನೊಂದಿಗೆ ಜೋಡಣೆಯಾಗಿರುವ ಡಿಮ್ಯಾಟ್ ಖಾತೆಯ ಷೇರುಗಳನ್ನು ಮಾತ್ರ. ಹೀಗಾಗಿ ನಿಮ್ಮ ಮುಂದೆ ಎರಡು ದಾರಿಗಳಿವೆ.

ಮೊದಲನೆಯದು, ಷೇರುಗಳನ್ನು ಹಳೆಯ ಡಿಮ್ಯಾಟ್ ಖಾತೆಯಿಂದ ಹೊಸ ಡಿಮ್ಯಾಟ್ ಖಾತೆಗೆ ವರ್ಗಾಯಿಸಿ, ಅವು ಅಲ್ಲಿ ಜಮೆಯಾದ ಮೇಲೆ ಮಾರುವುದು. ನಾನು ಎಲ್ಲರಿಗೂ ಇದನ್ನೇ ಸೂಚಿಸುತ್ತೇನೆ. ಮೊದಲು ಎರಡೂ ಖಾತೆಗಳ ಸಂಖ್ಯೆ ನೋಡಿ: ‘ಐಎನ್’ ಎಂಬ ಅಕ್ಷರಗಳಿಂದ ಆರಂಭವಾದರೆ ಅದು ಎನ್‌ಎಸ್‌ಡಿಎಲ್ ಖಾತೆ, ಹದಿನಾರೂ ಅಂಕಿಗಳೇ ಆಗಿದ್ದರೆ ಸಿಡಿಎಸ್‌ಎಲ್ ಖಾತೆ. ಎರಡೂ ಸಿಡಿಎಸ್‌ಎಲ್‌ನಲ್ಲಿದ್ದರೆ ಅದರ ‘ಈಸಿಯೆಸ್ಟ್’ ಸೌಲಭ್ಯದಲ್ಲಿ ನೋಂದಾಯಿಸಿಕೊಂಡು, ಹೊಸ ಖಾತೆಯನ್ನು ನಂಬಿಕೆಯ ಖಾತೆಯಾಗಿ ಸೇರಿಸಿ, ಮನೆಯಿಂದಲೇ ವರ್ಗಾಯಿಸಬಹುದು. ಎನ್‌ಎಸ್‌ಡಿಎಲ್‌ನಲ್ಲಿ ಇಂಥದೇ ‘ಸ್ಪೀಡ್-ಇ’ ಇದೆ. ಒಂದು ಖಾತೆ ಒಂದರಲ್ಲಿ, ಇನ್ನೊಂದು ಮತ್ತೊಂದರಲ್ಲಿ ಇದ್ದರೆ ಹಳೆಯ ಡಿಪಿ ಕೊಟ್ಟಿರುವ ಡೆಲಿವರಿ ಇನ್‌ಸ್ಟ್ರಕ್ಷನ್ ಸ್ಲಿಪ್ ಭರ್ತಿ ಮಾಡಿ ಕೊಡುವುದೇ ನೇರವಾದ ಮಾರ್ಗ. ಅದರಲ್ಲಿ ಹೊಸ ಖಾತೆಯ ಡಿಪಿ ಸಂಖ್ಯೆ, ಗ್ರಾಹಕ ಸಂಖ್ಯೆ, ಪ್ರತಿ ಕಂಪನಿಯ ಷೇರಿನ ಹನ್ನೆರಡು ಅಕ್ಷರ-ಅಂಕಿಗಳ ಗುರುತು ಸಂಖ್ಯೆಯಾದ ಐಎಸ್‌ಐಎನ್, ಷೇರುಗಳ ಸಂಖ್ಯೆ ಮತ್ತು ವರ್ಗಾವಣೆಯ ಕಾರಣವನ್ನು ಬರೆಯಬೇಕು. ಸ್ವಂತ ಖಾತೆಗೆ ವರ್ಗಾವಣೆ ಎಂಬುದು ಅನುಮತಿಸಿರುವ ಕಾರಣಗಳಲ್ಲಿ ಒಂದು. 2020ರ ನವೆಂಬರ್‌ನಿಂದ ಪೇಟೆಯ ಹೊರಗಿನ ಇಂಥ ವರ್ಗಾವಣೆಗೆ ಖಾತೆದಾರರ ಒಟಿಪಿ ಒಪ್ಪಿಗೆಯೂ ಬೇಕು. ಆದ್ದರಿಂದ ಹಳೆಯ ಖಾತೆಯಲ್ಲಿ ನಿಮ್ಮ ಈಗಿನ ಮೊಬೈಲ್ ಸಂಖ್ಯೆ ದಾಖಲಾಗಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ಹಲವರ ಕೆಲಸ ನಿಲ್ಲುವುದು ಈ ಒಂದು ಸಣ್ಣ ವಿಷಯದಲ್ಲಿಯೇ.

ಎರಡನೆಯ ದಾರಿಯೆಂದರೆ, ಷೇರುಗಳನ್ನು ಹಳೆಯ ಡಿಮ್ಯಾಟ್ ಖಾತೆಯಲ್ಲಿಯೇ ಇರಿಸಿ, ಹೊಸ ಬ್ರೋಕರ್ ಮೂಲಕ ಮಾರಿ, ಮಾರಿದ ಷೇರುಗಳನ್ನು ಹಳೆಯ ಡಿಪಿಗೆ ಸ್ಲಿಪ್ ಕೊಟ್ಟು ತಲುಪಿಸುವುದು. ಇದು ಕಾನೂನುಬದ್ಧವೇ ಆದರೂ ನಿಮಗೆ ನಾನು ಖಂಡಿತ ಸೂಚಿಸುವುದಿಲ್ಲ. 2023ರ ಜನವರಿ ಅಂತ್ಯದಿಂದ ಷೇರುಗಳ ವಹಿವಾಟು ಸಾಮಾನ್ಯವಾಗಿ ಮಾರಿದ ಮುಂದಿನ ವಹಿವಾಟು ದಿನವೇ ಇತ್ಯರ್ಥವಾಗುತ್ತದೆ. ಸೋಮವಾರ ಮಾರಿದರೆ ಮಂಗಳವಾರ ಬೆಳಗ್ಗೆ ಷೇರುಗಳು ತಲುಪಿರಲೇಬೇಕು, ಅಂದರೆ ಸ್ಲಿಪ್ ಸೋಮವಾರ ಸಂಜೆಯೊಳಗೆ ದಾವಣಗೆರೆಯಲ್ಲಿರಬೇಕು. ಜೊತೆಗೆ, ಹೊಸ ಬ್ರೋಕರ್ ನಿಮ್ಮ ಹಳೆಯ ಡಿಮ್ಯಾಟ್ ಸಂಖ್ಯೆಯನ್ನು ವಿನಿಮಯ ಕೇಂದ್ರದಲ್ಲಿರುವ ನಿಮ್ಮ ಗ್ರಾಹಕ ಸಂಕೇತದೊಂದಿಗೆ ಮೊದಲೇ ಜೋಡಿಸಿರಬೇಕು. 2022ರಿಂದೀಚೆಗೆ ಡೆಪಾಸಿಟರಿಗಳು ಸ್ಲಿಪ್‌ನ ವಿವರವನ್ನು ನಿಜವಾಗಿ ನಡೆದ ಮಾರಾಟದೊಂದಿಗೆ ತಾಳೆ ನೋಡಿಯೇ ಷೇರುಗಳನ್ನು ಬಿಡುತ್ತವೆ. ಒಂದು ಅಂಕಿ ತಪ್ಪಿದರೂ ಷೇರುಗಳು ತಲುಪುವುದಿಲ್ಲ. ತಲುಪದಿದ್ದರೆ ವಿನಿಮಯ ಕೇಂದ್ರ ಅಷ್ಟೇ ಷೇರುಗಳನ್ನು ಹರಾಜಿನಲ್ಲಿ ಕೊಂಡು ಕೊಳ್ಳುಗರಿಗೆ ಕೊಡುತ್ತದೆ. ಬೆಲೆಯ ವ್ಯತ್ಯಾಸವನ್ನೂ ದಂಡವನ್ನೂ ನೀವು ಭರಿಸಬೇಕಾಗುತ್ತದೆ.

ಇನ್ನೊಂದು ಎಚ್ಚರಿಕೆ. ಷೇರುಗಳು ಜಮೆಯಾಗುವ ಮೊದಲೇ ಹೊಸ ಆ್ಯಪ್‌ನಲ್ಲಿ ಮಾರಾಟದ ಆದೇಶ ಹಾಕಿ ಪ್ರಯತ್ನಿಸಬೇಡಿ. ದಿನದ ವಹಿವಾಟು ಎಂಬ ಆಯ್ಕೆಯಲ್ಲಿ ಅದು ಸ್ವೀಕಾರವಾದರೆ, ಕೈಯಲ್ಲಿಲ್ಲದ ಷೇರನ್ನು ಮಾರಿದಂತಾಗಿ, ಅಂದೇ ಮಧ್ಯಾಹ್ನ ಪೇಟೆ ಮುಚ್ಚುವ ಮುನ್ನ ಬ್ರೋಕರ್ ಅದನ್ನು ಮರಳಿ ಕೊಂಡುಬಿಡುತ್ತಾರೆ. ನಿಮ್ಮ ನಿಜವಾದ ಷೇರುಗಳು ಇದ್ದಲ್ಲಿಯೇ ಇರುತ್ತವೆ, ಆದರೆ ಬೆಲೆ ಏರಿದ್ದರೆ ನಷ್ಟ ನಿಮ್ಮದಾಗುತ್ತದೆ.

ಹುಬ್ಬಳ್ಳಿಯ ಲೆಕ್ಕಿಗ:

ಮೇಲಿನ ಉತ್ತರ ಸರಿಯಾಗಿದೆ. ತೆರಿಗೆಯ ದೃಷ್ಟಿಯಿಂದ ಕೆಲವು ಮಾತುಗಳನ್ನು ಸೇರಿಸುತ್ತೇನೆ, ಏಕೆಂದರೆ ಬ್ರೋಕರ್ ಬದಲಿಸಿದವರು ಸಂಕಷ್ಟಕ್ಕೆ ಸಿಲುಕುವುದು ಬಹುಮಟ್ಟಿಗೆ ಮಾರಿದ ದಿನವಲ್ಲ, ರಿಟರ್ನ್ಸ್ ಸಲ್ಲಿಸುವ ತಿಂಗಳಲ್ಲಿ.

ನಿಮ್ಮದೇ ಒಂದು ಖಾತೆಯಿಂದ ನಿಮ್ಮದೇ ಇನ್ನೊಂದು ಖಾತೆಗೆ ಷೇರುಗಳನ್ನು ವರ್ಗಾಯಿಸುವುದು ಮಾರಾಟವಲ್ಲ. ಅದರ ಮೇಲೆ ತೆರಿಗೆ ಇಲ್ಲ. ಹಣದ ಕೊಡುಕೊಳ್ಳುವಿಕೆ ಇಲ್ಲದಿರುವುದರಿಂದ ಮುದ್ರಾಂಕ ಶುಲ್ಕವೂ ಇಲ್ಲ. ಕೊಂಡ ದಿನಾಂಕ ಮತ್ತು ಕೊಂಡ ಬೆಲೆ ಮೊದಲಿದ್ದಂತೆಯೇ ಮುಂದುವರಿಯುತ್ತವೆ. ಆದರೆ ಹೊಸ ಬ್ರೋಕರ್‌ಗೆ ಆ ಬೆಲೆ ತಿಳಿಯುವುದಿಲ್ಲ. ಅವರ ವರದಿಯಲ್ಲಿ ಕೊಂಡ ಬೆಲೆ ಸೊನ್ನೆಯೆಂದೋ ವರ್ಗಾವಣೆಯಾದ ದಿನದ ಬೆಲೆಯೆಂದೋ ಕಾಣಿಸಬಹುದು. ಆ ವರದಿಯನ್ನು ನಂಬಿ ರಿಟರ್ನ್ಸ್ ತುಂಬಿದರೆ ತೆರಿಗೆ ಹೆಚ್ಚೂ ಆಗಬಹುದು, ಕಡಿಮೆಯಾಗಿ ನೋಟಿಸಿಗೂ ದಾರಿಯಾಗಬಹುದು. ಆದ್ದರಿಂದ ಹಳೆಯ ಖಾತೆಯನ್ನು ಮುಚ್ಚುವ ಮುನ್ನ 2010ರಿಂದ ಇಲ್ಲಿಯವರೆಗಿನ ಕಾಂಟ್ರಾಕ್ಟ್ ನೋಟುಗಳು (ಪ್ರತಿ ಕೊಳ್ಳುವಿಕೆ, ಮಾರಾಟಕ್ಕೆ ಬ್ರೋಕರ್ ಕೊಡುವ ಚೀಟಿ), ಲೆಡ್ಜರ್ ಮತ್ತು ಡಿಮ್ಯಾಟ್ ಖಾತೆಯ ವಹಿವಾಟು ಪಟ್ಟಿಯನ್ನು ಪಡೆದಿಟ್ಟುಕೊಳ್ಳಿ. ಡೆಪಾಸಿಟರಿಗಳು ಇಮೇಲ್‌ಗೆ ಕಳುಹಿಸುವ ಏಕೀಕೃತ ಖಾತೆ ಪಟ್ಟಿಯಲ್ಲಿ ಎಲ್ಲ ಖಾತೆಗಳ ಷೇರುಗಳು ಒಟ್ಟಿಗೆ ಕಾಣಿಸುತ್ತವೆ, ಆದರೆ ಅದರಲ್ಲಿ ಷೇರುಗಳನ್ನು ಕೊಂಡ ಬೆಲೆ ಇರುವುದಿಲ್ಲ.

ಕೋಲ್ ಇಂಡಿಯಾದ ವಿಷಯದಲ್ಲಿ ಕಾಂಟ್ರಾಕ್ಟ್ ನೋಟ್ ಇರುವುದಿಲ್ಲ, ಹಂಚಿಕೆ ಪತ್ರವೇ ಆಧಾರ. ಆ ಕೊಡುಗೆಯ ಬೆಲೆ 245 ರೂಪಾಯಿ. ಸಣ್ಣ ಹೂಡಿಕೆದಾರರಿಗೆ ಶೇಕಡಾ 5ರ ರಿಯಾಯಿತಿ ಇದ್ದುದರಿಂದ ನಿಮಗೆ 232 ರೂಪಾಯಿ 75 ಪೈಸೆಗೆ ದೊರೆತಿರಬೇಕು.

ಇನ್ಫೋಸಿಸ್ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಕಂಪನಿ 2014ರಲ್ಲಿ, 2015ರಲ್ಲಿ ಮತ್ತು 2018ರ ಸೆಪ್ಟೆಂಬರ್‌ನಲ್ಲಿ ಒಂದಕ್ಕೊಂದು ಬೋನಸ್ ನೀಡಿದೆ. ಹಾಗಾಗಿ ನಿಮ್ಮ 20 ಷೇರುಗಳು 40, 80, 160 ಆದವು. 2018ರ ಜನವರಿ 31ರಂದು ಕೈಯಲ್ಲಿದ್ದ ಷೇರುಗಳಿಗೆ ಕಾನೂನು ಒಂದು ರಕ್ಷಣೆ ನೀಡಿದೆ: ಆ ದಿನದ ಅತ್ಯಧಿಕ ಬೆಲೆ ಮತ್ತು ಮಾರಿದ ಬೆಲೆ, ಇವೆರಡರಲ್ಲಿ ಕಡಿಮೆಯಾದದ್ದನ್ನು ತೆಗೆದುಕೊಂಡು, ಅದು ನಿಜವಾಗಿ ಕೊಂಡ ಬೆಲೆಗಿಂತ ಹೆಚ್ಚಿದ್ದರೆ ಅದನ್ನೇ ಕೊಂಡ ಬೆಲೆಯೆಂದು ಪರಿಗಣಿಸಬಹುದು. ಉದಾಹರಣೆಗೆ, 100 ರೂಪಾಯಿಗೆ ಕೊಂಡ ಷೇರು ಆ ದಿನ 260 ಇದ್ದು, ಈಗ 600ಕ್ಕೆ ಮಾರಿದರೆ ಲಾಭ 500 ಅಲ್ಲ, 340. ನಿಮ್ಮ ಮೊದಲ 80 ಷೇರುಗಳಿಗೆ, ಅಂದರೆ 2014 ಮತ್ತು 2015ರ ಬೋನಸ್ ಷೇರುಗಳಿಗೂ ಸೇರಿ, ಈ ರಕ್ಷಣೆ ದೊರೆಯುತ್ತದೆ. 2018ರ ಸೆಪ್ಟೆಂಬರ್‌ನಲ್ಲಿ ಬಂದ 80 ಷೇರುಗಳ ಕೊಂಡ ಬೆಲೆ ಸೊನ್ನೆ. ಅವುಗಳ ಪೂರ್ತಿ ಮೊತ್ತವೂ ಲಾಭವೇ. ಡಿಮ್ಯಾಟ್ ಖಾತೆಯಲ್ಲಿ ಮೊದಲು ಬಂದದ್ದು ಮೊದಲು ಹೊರಟಿತು ಎಂಬ ನಿಯಮ ಖಾತೆವಾರು ಅನ್ವಯಿಸುವುದರಿಂದ, ಇನ್ಫೋಸಿಸ್‌ನಲ್ಲಿ 80ಕ್ಕಿಂತ ಹೆಚ್ಚು ಮಾರದಿದ್ದರೆ ತೆರಿಗೆಯ ಹೊರೆ ಬಹಳ ಹಗುರವಾಗಿರುತ್ತದೆ. ಇದನ್ನು ಗಮನದಲ್ಲಿಟ್ಟುಕೊಂಡು ಯಾವ ಷೇರು ಎಷ್ಟು ಎಂಬುದನ್ನು ತೀರ್ಮಾನಿಸಿ ಎಂದು ಒತ್ತಾಯಪೂರ್ವಕವಾಗಿ ಹೇಳುತ್ತೇನೆ.

2024ರ ಜುಲೈ 23ರಿಂದ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡ ಷೇರುಗಳ ಲಾಭಕ್ಕೆ ಶೇಕಡಾ 12.5 ತೆರಿಗೆ ಇದೆ, ಆದರೆ ಒಂದು ಹಣಕಾಸು ವರ್ಷದಲ್ಲಿ 1.25 ಲಕ್ಷ ರೂಪಾಯಿವರೆಗಿನ ಇಂಥ ಲಾಭಕ್ಕೆ ತೆರಿಗೆ ಇಲ್ಲ. ದುರಸ್ತಿಯ ಹಣ ಕಂತುಗಳಲ್ಲಿ ಬೇಕಾಗುವುದಾದರೆ ಸ್ವಲ್ಪವನ್ನು ಮಾರ್ಚ್ ಒಳಗೆ, ಉಳಿದದ್ದನ್ನು ಏಪ್ರಿಲ್‌ನಲ್ಲಿ ಮಾರಿ ಎರಡು ವರ್ಷಗಳ ವಿನಾಯಿತಿಯನ್ನೂ ಪಡೆಯಬಹುದು.

ತುಂಗಾತೀರದ ಶಿಕ್ಷಕಿ:

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ನೀವು ಹೇಳಿದಂತೆ ಸಂಖ್ಯೆಗಳನ್ನು ನೋಡಿದೆ. ಹಳೆಯದು ‘ಐಎನ್’ ಇಂದ ಆರಂಭವಾಗುತ್ತದೆ, ಹೊಸದು ಪೂರ್ತಿ ಅಂಕಿಗಳಲ್ಲಿದೆ. ಹಳೆಯ ಕಾಗದಗಳನ್ನು ತೆಗೆದಾಗ ಇನ್ನೊಂದು ವಿಷಯ ಗೊತ್ತಾಯಿತು: ಹಳೆಯ ಡಿಮ್ಯಾಟ್ ಖಾತೆ ನನ್ನ ಮತ್ತು ನಮ್ಮ ಯಜಮಾನರ ಜಂಟಿ ಹೆಸರಿನಲ್ಲಿದೆ, ನಾನು ಮೊದಲ ಖಾತೆದಾರಳು. ಹೊಸ ಖಾತೆ ನನ್ನೊಬ್ಬಳ ಹೆಸರಿನಲ್ಲಿದೆ. ಯಜಮಾನರಿಗೆ ಕೈನಡುಕ ಇರುವುದರಿಂದ ಅವರ ಸಹಿ ಮೊದಲಿನಂತೆ ಬರುವುದಿಲ್ಲ. 2010ರಲ್ಲಿ ಖಾತೆ ತೆರೆಯುವಾಗ ನಾವಿಬ್ಬರೂ ಬ್ರೋಕರ್‌ಗೆ ಬರೆದುಕೊಟ್ಟ ಪವರ್ ಆಫ್ ಅಟಾರ್ನಿಯ (ನಮ್ಮ ಪರವಾಗಿ ಷೇರುಗಳನ್ನು ಸಾಗಿಸಲು ಕೊಟ್ಟ ಅಧಿಕಾರ ಪತ್ರದ) ಪ್ರತಿಯೂ ಸಿಕ್ಕಿದೆ. ಇದರಿಂದ ಏನಾದರೂ ವ್ಯತ್ಯಾಸವಾಗುತ್ತದೆಯೇ?

ನಿವೃತ್ತ ಬ್ಯಾಂಕ್ ನೌಕರ:

ಮೇಡಂ, ಇದರಿಂದ ಬಹಳ ವ್ಯತ್ಯಾಸವಾಗುತ್ತದೆ. ನಾನು ಬ್ಯಾಂಕಿನ ಡಿಮ್ಯಾಟ್ ವಿಭಾಗದಲ್ಲಿ ಕೆಲಸ ಮಾಡಿದವನಾದ್ದರಿಂದ ಹೇಳುತ್ತಿದ್ದೇನೆ. ಜಂಟಿ ಖಾತೆಯಿಂದ ಒಬ್ಬರ ಖಾತೆಗೆ ವರ್ಗಾಯಿಸಿದರೆ ಎರಡೂ ಖಾತೆಗಳ ಒಡೆತನ ಒಂದೇ ಆಗಿರುವುದಿಲ್ಲ. ಸ್ವಂತ ಖಾತೆಗೆ ವರ್ಗಾವಣೆ ಎಂದು ಬರೆದ ಸ್ಲಿಪ್ ಮರಳಿ ಬರುವ ಸಾಧ್ಯತೆ ಇದೆ. ಹೆಸರುಗಳೂ ಅವುಗಳ ಕ್ರಮವೂ ಒಂದೇ ಆಗಿದ್ದರೆ, ಖಾತೆ ಮುಚ್ಚಿ ಎಲ್ಲ ಷೇರುಗಳನ್ನು ಇನ್ನೊಂದು ಡಿಪಿಗೆ ಸಾಗಿಸಲು ಶುಲ್ಕ ವಿಧಿಸಬಾರದೆಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ ನಿಯಮವಿದೆ. ಆ ಅನುಕೂಲವೂ ನಿಮಗೆ ಈಗ ದೊರೆಯುವುದಿಲ್ಲ. ಸ್ಲಿಪ್ ಮೇಲೆ ಇಬ್ಬರ ಸಹಿಯೂ ಬೇಕು, ಮತ್ತು ಅದು ಡಿಪಿ ಬಳಿ ಇರುವ ಮಾದರಿ ಸಹಿಗೆ ಹೊಂದಬೇಕು. ನಡುಗುವ ಕೈಯಿಂದ ಮಾಡಿದ ಸಹಿ ಹೊಂದದೆ ಸ್ಲಿಪ್ ತಿರಸ್ಕೃತವಾಗಿ, ವಯಸ್ಸಾದವರು ಮತ್ತೆ ಮತ್ತೆ ಅಲೆಯುವುದನ್ನು ಕಂಡು ನನಗೆ ನಿಜಕ್ಕೂ ನೋವಾಗಿದೆ.

ಆದ್ದರಿಂದ ಈಗ ಬೇಕಾಗಿರುವ ನಾಲ್ಕು ಲಕ್ಷದ ಷೇರುಗಳನ್ನು ಹಳೆಯ ಬ್ರೋಕರ್ ಮೂಲಕವೇ ಮಾರಿ ಎಂಬುದು ನನ್ನ ಸಲಹೆ. ಲೆಕ್ಕ ನೋಡಿ: ನಾಲ್ಕು ಲಕ್ಷದ ಮೇಲೆ ನೂರಕ್ಕೆ ಐವತ್ತು ಪೈಸೆಯಂತೆ 2,000 ರೂಪಾಯಿ, ಅದರ ಮೇಲೆ ಶೇಕಡಾ 18ರ ಜಿಎಸ್‌ಟಿ 360 ರೂಪಾಯಿ. ಷೇರು ವಹಿವಾಟು ತೆರಿಗೆ ಶೇಕಡಾ 0.1, ಅಂದರೆ 400 ರೂಪಾಯಿ, ಯಾರ ಮೂಲಕ ಮಾರಿದರೂ ಇದ್ದದ್ದೇ. ಅಂತೂ ಬ್ರೋಕರ್ ಬದಲಿಸಿ ಉಳಿಸಬಹುದಾದದ್ದು ಹೆಚ್ಚೆಂದರೆ ಎರಡು ಸಾವಿರ ಚಿಲ್ಲರೆ ರೂಪಾಯಿ. ನೀವು ಬರೆದುಕೊಟ್ಟ ಪವರ್ ಆಫ್ ಅಟಾರ್ನಿಯನ್ನು ಹಿಂಪಡೆಯದಿದ್ದರೆ ಅದು ಇನ್ನೂ ಊರ್ಜಿತವೇ. 2022ರಲ್ಲಿ ಅದರ ಜಾಗದಲ್ಲಿ ಡಿಡಿಪಿಐ ಎಂಬ, ಕಡಿಮೆ ಅಧಿಕಾರದ ಪತ್ರ ಬಂದರೂ ಹಳೆಯವನ್ನು ರದ್ದುಪಡಿಸಿಲ್ಲ. ಆದ್ದರಿಂದ ಫೋನಿನಲ್ಲಿ ಆದೇಶ ಕೊಟ್ಟರೆ ಸಾಕು, ಯಜಮಾನರ ಸಹಿ ಬೇಕಾಗಲಾರದು. ಬಹುಕಾಲ ವಹಿವಾಟು ನಡೆಯದ ಕಾರಣ ನಿಮ್ಮ ಟ್ರೇಡಿಂಗ್ ಖಾತೆಯನ್ನು ನಿಷ್ಕ್ರಿಯವೆಂದು ಗುರುತಿಸಿರುತ್ತಾರೆ. ಕೆವೈಸಿ ದಾಖಲೆಗಳನ್ನು ಕೊಟ್ಟು ಮೊದಲು ಅದನ್ನು ಸಕ್ರಿಯಗೊಳಿಸಿಕೊಳ್ಳಿ, ಹಣ ಜಮೆಯಾಗುವ ಬ್ಯಾಂಕ್ ಖಾತೆ ಈಗಲೂ ಚಾಲ್ತಿಯಲ್ಲಿದೆಯೇ ಎಂದು ನೋಡಿ.

ಉಳಿದ ಷೇರುಗಳನ್ನು ಸಾಗಿಸಲು ಅವಸರವಿಲ್ಲ. ಯಜಮಾನರ ಹೊಸ ಸಹಿಯನ್ನು ಅವರ ಬ್ಯಾಂಕಿನಿಂದ ದೃಢೀಕರಿಸಿ ಹಳೆಯ ಡಿಪಿಯಲ್ಲಿ ದಾಖಲಿಸಿ, ಆಮೇಲೆ ಶಿವಮೊಗ್ಗದಲ್ಲಿಯೇ ಶಾಖೆಯಿರುವ ಯಾವುದಾದರೂ ಬ್ಯಾಂಕಿನಲ್ಲಿ ಇಬ್ಬರ ಹೆಸರಿನಲ್ಲಿ, ಅದೇ ಕ್ರಮದಲ್ಲಿ, ಜಂಟಿ ಡಿಮ್ಯಾಟ್ ಖಾತೆ ತೆರೆಯಿರಿ. ಮೊಬೈಲ್ ಮೂಲಕ ಖಾತೆ ತೆರೆಯುವ ಹಲವು ಸಂಸ್ಥೆಗಳು ಒಬ್ಬರ ಹೆಸರಿನಲ್ಲಿ ಮಾತ್ರ ಖಾತೆ ಕೊಡುತ್ತವೆ ಎಂಬುದನ್ನು ಮಗಳಿಗೂ ತಿಳಿಸಿ.

ಒಂದು ಮಾತನ್ನು ಎಲ್ಲ ಓದುಗರಿಗೂ ಹೇಳಬೇಕಾಗಿದೆ. ಸಹಿ ಮಾಡಿದ ಖಾಲಿ ಸ್ಲಿಪ್‌ಗಳನ್ನು ಯಾರ ಕೈಗೂ ಕೊಡಬೇಡಿ. ಸ್ಲಿಪ್‌ನಲ್ಲಿ ಬರೆಯುವ ಗುರಿ ಖಾತೆ ನಿಮ್ಮದೇ ಆಗಿರಲಿ. ‘ನಮ್ಮ ಖಾತೆಗೆ ಹಾಕಿ, ನಾವು ನಿಮ್ಮ ಹೆಸರಿಗೆ ತೋರಿಸುತ್ತೇವೆ’ ಎನ್ನುವ ಬ್ರೋಕರ್ ಮಾತನ್ನು ಒಪ್ಪಬೇಡಿ. ಕಾರ್ವಿ ಸ್ಟಾಕ್ ಬ್ರೋಕಿಂಗ್ ಸಂಸ್ಥೆ ಗ್ರಾಹಕರ ಷೇರುಗಳನ್ನು ತನ್ನ ಖಾತೆಗೆ ತಂದುಕೊಂಡು ಸಾಲಕ್ಕಾಗಿ ಅಡವಿಟ್ಟದ್ದು ಬಯಲಾದಾಗ, 2019ರ ನವೆಂಬರ್ 22ರಂದು ಸೆಬಿ ಅದರ ವಿರುದ್ಧ ಆದೇಶ ಹೊರಡಿಸಿತು. ಮುಂದಿನ ತಿಂಗಳ ಆರಂಭದಲ್ಲಿ ಎನ್‌ಎಸ್‌ಡಿಎಲ್ ಎಂಬತ್ತು ಸಾವಿರಕ್ಕೂ ಹೆಚ್ಚು ಗ್ರಾಹಕರ ಖಾತೆಗಳಿಗೆ ಷೇರುಗಳನ್ನು ಮರಳಿಸಿತು. ನಿಮ್ಮ ಪವರ್ ಆಫ್ ಅಟಾರ್ನಿಯನ್ನೂ ಈ ಮಾರಾಟ ಮುಗಿದ ಮೇಲೆ ಲಿಖಿತವಾಗಿ ರದ್ದುಪಡಿಸಿ, ಸ್ವೀಕೃತಿ ಪಡೆದುಕೊಳ್ಳಿ.

ಷೇರುಪೇಟೆಯ ವಿದ್ಯಾರ್ಥಿ:

ಜಂಟಿ ಖಾತೆಯೆಂದು ತಿಳಿದ ಮೇಲೆ ನಾನೂ ಹಿರಿಯರ ಸಲಹೆಯನ್ನೇ ಒಪ್ಪುತ್ತೇನೆ. ಒಂದು ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬೇರೆ: ಉಳಿದ ಷೇರುಗಳ ವರ್ಗಾವಣೆಯನ್ನು ಬಹಳ ಕಾಲ ಮುಂದೂಡಬೇಡಿ. ಯಜಮಾನರು ಸಹಿ ಮಾಡಬಲ್ಲ ಸ್ಥಿತಿಯಲ್ಲಿರುವಾಗಲೇ ಅದು ಮುಗಿದರೆ ನಿಮ್ಮಿಬ್ಬರಿಗೂ ನೆಮ್ಮದಿ. ಹೊಸ ಜಂಟಿ ಖಾತೆ ತೆರೆಯುವಾಗಲೇ ಮಗಳ ನಾಮನಿರ್ದೇಶನವನ್ನೂ ಮಾಡಿಸಿಬಿಡಿ. ಹಳೆಯ ಖಾತೆಯ ನಾಮನಿರ್ದೇಶನ ಹೊಸ ಖಾತೆಗೆ ತಾನಾಗಿ ಬರುವುದಿಲ್ಲ.

ಹುಬ್ಬಳ್ಳಿಯ ಲೆಕ್ಕಿಗ:

ಜಂಟಿ ಹೆಸರಿದ್ದರೂ, ಷೇರು ಕೊಳ್ಳಲು ಹಣ ನಿಮ್ಮ ಸಂಬಳದಿಂದಲೇ ಹೋಗಿದ್ದರೆ ಲಾಭವನ್ನು ನಿಮ್ಮೊಬ್ಬರ ರಿಟರ್ನ್ಸ್‌ನಲ್ಲಿ ತೋರಿಸಬೇಕು. ಇಬ್ಬರಿಗೂ ಅರ್ಧರ್ಧ ಹಂಚಬೇಕಾಗಿಲ್ಲ. ಅದಕ್ಕಾಗಿ ಆ ಕಾಲದ ಬ್ಯಾಂಕ್ ಪಾಸ್‌ಬುಕ್ಕನ್ನು ಕಾಂಟ್ರಾಕ್ಟ್ ನೋಟುಗಳ ಜೊತೆಗೇ ಇರಿಸಿ.

ಉಳಿದ ಷೇರುಗಳನ್ನು ಸಾಗಿಸುವ ಸಮಯದಲ್ಲಿ ಲಾಭಾಂಶದ ಕಡೆಗೂ ಗಮನವಿರಲಿ. ಕಂಪನಿ ಗೊತ್ತುಪಡಿಸಿದ ದಾಖಲೆ ದಿನದಂದು ಷೇರುಗಳು ಯಾವ ಡಿಮ್ಯಾಟ್ ಖಾತೆಯಲ್ಲಿವೆಯೋ ಆ ಖಾತೆಗೆ ಜೋಡಿಸಿರುವ ಬ್ಯಾಂಕ್ ಖಾತೆಗೆ ಲಾಭಾಂಶ ಬರುತ್ತದೆ. ಕೋಲ್ ಇಂಡಿಯಾ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಲಾಭಾಂಶ ಕೊಡುವ ಕಂಪನಿ. ಆದ್ದರಿಂದ ಹೊಸ ಡಿಮ್ಯಾಟ್ ಖಾತೆಯಲ್ಲಿ ಬ್ಯಾಂಕ್ ವಿವರ ಸರಿಯಾಗಿ ದಾಖಲಾಗಿದೆಯೆಂದು ನೋಡಿದ ಮೇಲೆಯೇ ಸ್ಲಿಪ್ ಸಲ್ಲಿಸಿ, ಮತ್ತು ಬಾಕಿ ಇರುವ ಲಾಭಾಂಶ ಕೈಸೇರುವವರೆಗೆ ಹಳೆಯ ಬ್ಯಾಂಕ್ ಖಾತೆಯನ್ನು ಮುಚ್ಚಬೇಡಿ.